ಹುಬ್ಬಳ್ಳಿ-ಧಾರವಾಡದ ಊಟದ ನೆಲೆಗಳು

ಪರ ಊರಿನಿಂದ ಬಂದವರಿಗೆ ಹುಬ್ಬಳ್ಳಿ-ಧಾರವಾಡದಲ್ಲಿ ಊಟ, ಉಪಾಹಾರ, ಚಹಾ, ಸಿಹಿ ದೊರೆಯುವ ತಾಣಗಳ ಸಮೀಕ್ಷೆ ಇದು. ಸುಮಾರು 20 ಕಿ.ಮೀ. ಅಂತರದಲ್ಲಿರುವ ಈ ಎರಡು ಊರುಗಳು 1962ರಿಂದ ಒಂದೇ ಮಹಾನಗರಪಾಲಿಕೆಯ ಆಡಳಿತದಲ್ಲಿವೆ. ಎರಡೂ ಹಳೆಯ ಊರುಗಳು. ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿಯಿದೆ. ಹುಬ್ಬಳ್ಳಿಯ ಪೇಟೆ ಎಷ್ಟು ಸಿರಿವಂತವಾಗಿತ್ತೆಂದರೆ 1673ರಲ್ಲಿ ಶಿವಾಜಿಯ ಸೈನ್ಯ ಅದನ್ನು ಲೂಟಿ ಮಾಡಿದಾಗ ಇಂಗ್ಲಿಷ್ ಕಂಪನಿಯ ಕೋಠಿಯೂ ಪಾರಾಗಲಿಲ್ಲ. ಇಷ್ಟಿದ್ದೂ ಹಂಪಿ, ಬಾದಾಮಿಗಳ ಹಾಗೆ ಇದು ನೋಡಲೆಂದೇ ಜನ ಬರುವ ಊರಾಗಲಿಲ್ಲ. ಇಲ್ಲಿಗೆ ಬರುವವರು ಕೆಲಸದ ಮೇಲೆ ಬರುತ್ತಾರೆ. ಕಲಿಯಲು, ದಾವೆ ನಡೆಸಲು, ಮಾಲು ಮಾರಲು, ರೈಲು ಬದಲಿಸಲು, ಮಠಕ್ಕೆ ನಡೆದುಕೊಳ್ಳಲು, ದವಾಖಾನೆಗೆ ತೋರಿಸಲು ಬಂದವರ ಹಸಿವೇ ಈ ಊರಿನ ಹೊರಗಿನ ಊಟವನ್ನು ರೂಪಿಸಿದೆ. ಆದ್ದರಿಂದ ಇಲ್ಲಿ ಎಲ್ಲಿ ಉಣ್ಣಬೇಕೆಂಬ ಪ್ರಶ್ನೆಗೆ ಹೋಟೆಲುಗಳ ಹೆಸರಿನ ಯಾದಿ ಅರ್ಧ ಉತ್ತರವನ್ನಷ್ಟೇ ಕೊಡುತ್ತದೆ. ಒಂದು ಜಾಗದಲ್ಲಿ ದಿನಾಲು ಉಣ್ಣುವವರು ಯಾರು, ಯಾವ ಹೊತ್ತಿಗೆ ಉಣ್ಣುತ್ತಾರೆ ಎಂಬುದು ಗೊತ್ತಾದರೆ ಉಳಿದರ್ಧ ತಾನಾಗಿ ತಿಳಿಯುತ್ತದೆ.

ಮೊದಲು ನೆಲದ ಮಾತು. ಧಾರವಾಡ ಮಲೆನಾಡಿನ ಸೆರಗಿನಲ್ಲಿದೆ. ಪಶ್ಚಿಮಕ್ಕೆ ಅಳ್ನಾವರ, ಕಲಘಟಗಿಯ ಕಡೆ ಹೊರಟರೆ ಕೆಂಪು ಮಣ್ಣು, ಭತ್ತದ ಗದ್ದೆ, ಸ್ವಲ್ಪದರಲ್ಲೇ ಕಾಡು. ಪೂರ್ವಕ್ಕೆ ನವಲಗುಂದದ ಕಡೆ ತಿರುಗಿದರೆ ಕಣ್ಣು ಹಾಯುವಷ್ಟು ದೂರ ಎರೆಹೊಲ: ಹಿಂಗಾರಿ ಜೋಳ, ಕಡಲೆ, ಕುಸುಬಿ, ಹತ್ತಿ. ಧಾರವಾಡದ ಹಳೆಯ ಊರಬಾಗಿಲುಗಳಲ್ಲಿ, ಅಂದರೆ ಅಗಸಿಗಳಲ್ಲಿ, ಒಂದಕ್ಕೆ ಪೂರ್ವದ ಹೆಬ್ಬಳ್ಳಿ ಎಂಬ ಹಳ್ಳಿಯ ಹೆಸರಿದೆ. ಅಗಸಿ ಬಿದ್ದು ಹೋದರೂ ಹೆಬ್ಬಳ್ಳಿ ಅಗಸಿ ಎಂಬ ಓಣಿಯ ಹೆಸರು ಉಳಿದಿದೆ. ಹಾಲು, ಬೆಣ್ಣೆ, ಕಾಯಿಪಲ್ಯ, ಕಾಳು ಊರೊಳಗೆ ಬರುತ್ತಿದ್ದುದು ಸುತ್ತಲಿನ ಇಂಥ ಹಳ್ಳಿಗಳಿಂದಲೇ. ಹೀಗಾಗಿ ಇಲ್ಲಿಯ ಗಂಗಾಳದಲ್ಲಿ ರೊಟ್ಟಿಯೂ ಅನ್ನವೂ ಎರಡೂ ಇರುತ್ತವೆ. ರೊಟ್ಟಿಯಿಂದ ಶುರುಮಾಡಿ ಅನ್ನದಿಂದ ಮುಗಿಸುವ ಊಟದ ಕ್ರಮ ಈ ಎರಡು ನೆಲಗಳ ನಡುವಿನ ಊರಿಗೆ ಸಹಜವಾಗಿ ಬಂದದ್ದು. ಬೆಂಗಳೂರಿನಲ್ಲಿ ಉತ್ತರ ಕರ್ನಾಟಕದ ಊಟವೆಂದು ಕೊಡುವ ತಟ್ಟೆಯಲ್ಲಿ ಅನ್ನ ಕೊನೆಗೆ ಸೇರಿಸಿದ ಶಾಸ್ತ್ರದಂತೆ ಕಾಣಬಹುದು. ಧಾರವಾಡದಲ್ಲಿ ಹಾಗಲ್ಲ, ಊರಿನ ಪಡುವಣ ಅಂಚಿನಲ್ಲೇ ಭತ್ತ ಬೆಳೆಯುತ್ತದೆ.

ಊರಿಗೆ ಹೊರಗಿನವರು ದಂಡಿಯಾಗಿ ಬರತೊಡಗಿದ್ದು ಮುಂಬಯಿ ಆಧಿಪತ್ಯದ ಕಾಲದಲ್ಲಿ. ಧಾರವಾಡ ಜಿಲ್ಲಾ ಕೇಂದ್ರವಾಯಿತು. ಕಚೇರಿ, ಕೋರ್ಟು, ಶಾಲೆಗಳು ಬಂದವು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ತನ್ನ ಕೇಂದ್ರ ಕಚೇರಿಯನ್ನು ಧಾರವಾಡದಲ್ಲೂ ಕಾರ್ಯಾಗಾರವನ್ನು ಹುಬ್ಬಳ್ಳಿಯಲ್ಲೂ ಕಟ್ಟಿತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಡನೆ ಸೇರಿಹೋಗಿ ಕಚೇರಿ ಅತ್ತ ಸಾಗಿತು. ಅದರ ಭವ್ಯ ಕಟ್ಟಡ ಮುಂದೆ 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿನ ಪಾಲಾಯಿತು. ಗುಮಾಸ್ತರು ಕುಳಿತಿದ್ದ ಕೋಣೆಗಳಲ್ಲಿ ವಿದ್ಯಾರ್ಥಿಗಳು ಬಂದು ಕುಳಿತರು. ವಿಜಾಪುರದಿಂದ ಕಾರವಾರದವರೆಗಿನ ಹುಡುಗರು ಬಿ.ಎ. ಓದಲು ಧಾರವಾಡಕ್ಕೆ ಬಂದರು. 1950ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವೂ ಮುಂಬಯಿಯಿಂದ ಇಲ್ಲಿಗೆ ಬಂದ ಮೇಲೆ ಅವರ ಸಂಖ್ಯೆ ಬೆಳೆಯಿತು. ಹುಬ್ಬಳ್ಳಿಯದು ಬೇರೆ ದಾರಿ. ಅಲ್ಲಿ ಹತ್ತಿ, ಕಾಳುಕಡಿ, ಮೆಣಸಿನಕಾಯಿಯ ವ್ಯಾಪಾರ, ಗಿರಣಿ, ರೈಲು. ಒಂದು ಊರು ವಿದ್ಯಾರ್ಥಿಯ ಹೊಟ್ಟೆಗೆ, ಇನ್ನೊಂದು ದುಡಿಯುವವನ ಹೊಟ್ಟೆಗೆ ಅಡುಗೆ ಮಾಡಿತು ಎಂದು ಸ್ಥೂಲವಾಗಿ ಹೇಳಬಹುದು. ಈ ಭೇದ ಇವತ್ತಿಗೂ ಪೂರ್ತಿ ಅಳಿಸಿಲ್ಲ: ಧಾರವಾಡದ ಮೆಸ್ಸಿನಲ್ಲಿ ಖಾರ ಒಂದಿಷ್ಟು ಹಿಡಿತದಲ್ಲಿದ್ದರೆ ಹುಬ್ಬಳ್ಳಿಯ ಪೇಟೆಯ ಖಾನಾವಳಿಯಲ್ಲಿ ಅದು ಧಾರಾಳ.

ದುಡ್ಡು ಕೊಟ್ಟು ಉಣ್ಣುವ ರೂಢಿಗೆ ಮೊದಲು ಈ ಪರ ಊರಿನವರು ಉಂಡದ್ದೆಲ್ಲಿ? ಬ್ರಾಹ್ಮಣರ ಬಡ ಹುಡುಗರಿಗೆ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಲಿಂಗಾಯತ ಹುಡುಗರಿಗೆ ಮಠಗಳ ಪ್ರಸಾದ ನಿಲಯಗಳಿದ್ದವು. ಧಾರವಾಡದ ಮುರುಘಾಮಠದ ನಿಲಯದಲ್ಲಿ ಉಂಡು ಓದಿ ಅಧಿಕಾರಿಗಳು, ವಕೀಲರು, ಸಾಹಿತಿಗಳಾದವರ ತಲೆಮಾರುಗಳೇ ಇವೆ. ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ದಾಸೋಹ ಇಂದಿಗೂ ನಡೆಯುತ್ತದೆ. ಊಟದ ತಾಣಗಳ ಬರಹಗಳಲ್ಲಿ ಮಠದ ಪಂಕ್ತಿಗೆ ಸಾಮಾನ್ಯವಾಗಿ ಜಾಗ ಸಿಗುವುದಿಲ್ಲ, ಅದು ವ್ಯಾಪಾರವಲ್ಲವೆಂಬ ಕಾರಣಕ್ಕೆ. ಅದು ಸರಿಯಾದ ಕಾರಣವಲ್ಲ. ಜಾತ್ರೆಯ ದಿನಗಳಲ್ಲಿ ಹುಬ್ಬಳ್ಳಿಗೆ ಬಂದವರಲ್ಲಿ ಬಹುಪಾಲು ಜನ ಉಣ್ಣುವುದು ಅಲ್ಲೇ, ಮತ್ತು ನೆಲದ ಮೇಲೆ ಸಾಲಾಗಿ ಕುಳಿತು ಉಣ್ಣುವ ಆ ಸರಳ ಅನ್ನ-ಸಾರು ಈ ಊರಿನ ಆತಿಥ್ಯದ ಹಳೆಯ ರೂಪ. ಮುಂದೆ ಹುಟ್ಟಿದ ಖಾನಾವಳಿ ಆ ಪಂಕ್ತಿಯಿಂದ ಒಂದು ನಡೆಯನ್ನು ಎತ್ತಿಕೊಂಡಿತು: ಬೇಕಾದ್ದನ್ನು ಕೇಳುವವರೆಗೆ ಕಾಯದೆ ಬಡಿಸುತ್ತಾ ಹೋಗುವುದು.

ಖಾನಾವಳಿ ಮುಂಬಯಿ ಸೀಮೆಯುದ್ದಕ್ಕೂ ಹಬ್ಬಿದ್ದ ವ್ಯವಸ್ಥೆ. ತಿಂಗಳ ಲೆಕ್ಕದಲ್ಲಿ ದುಡ್ಡು ಕಟ್ಟಿ ಎರಡು ಹೊತ್ತು ಉಣ್ಣುವವರೇ ಅದರ ಆಧಾರ. ಬಿಡಿ ಗಿರಾಕಿ ಬಂದರೆ ಬಂದ ಲಾಭ. ಇದರ ಪರಿಣಾಮ ಅಡುಗೆಯ ಮೇಲೆ ನೇರವಾಗಿ ಆಗುತ್ತದೆ. ಅದೇ ಮನುಷ್ಯ ತಿಂಗಳಿಗೆ ಅರವತ್ತು ಊಟ ಉಣ್ಣುವುದಾದರೆ ಎಣ್ಣೆ-ಮಸಾಲೆ ಸುರಿದು ಅವನನ್ನು ಬೆರಗುಗೊಳಿಸಿ ಪ್ರಯೋಜನವಿಲ್ಲ. ಅವನ ಹೊಟ್ಟೆ ಕೆಡಬಾರದು, ನಾಲಿಗೆಗೆ ಬೇಸರವೂ ಬರಬಾರದು. ಅದಕ್ಕೇ ಖಾನಾವಳಿಯಲ್ಲಿ ರೊಟ್ಟಿ ಸ್ಥಿರ, ಪಲ್ಯ ಚರ. ಒಂದು ದಿನ ಎಣಗಾಯಿ, ಮರುದಿನ ಮಡಕಿಕಾಳು, ಆಮೇಲೆ ಹೆಸರುಕಾಳು, ಪುಂಡಿಪಲ್ಯ, ಜುಣಕ. ಜೊತೆಗೆ ಶೇಂಗಾ, ಗುರೆಳ್ಳು, ಅಗಸಿಯ ಚಟ್ನಿಪುಡಿಗಳು, ಕೆಂಪು ಖಾರ, ಕೆನೆ ಮೊಸರು. ಹಸಿಯಾಗಿ ಉಳ್ಳಾಗಡ್ಡಿ, ಸೌತಿಕಾಯಿ, ಮೆಂತ್ಯದ ಎಳೆಸೊಪ್ಪು, ಸಿಕ್ಕರೆ ಹಕ್ಕರಕಿ. ಕೊನೆಗೆ ಅನ್ನ, ಸಾರು, ಮಜ್ಜಿಗೆ. ಧಾರವಾಡದಲ್ಲಿ ಬಸಪ್ಪ ಖಾನಾವಳಿಯ ಹೆಸರು ಹಳೆಯದು. ಹುಬ್ಬಳ್ಳಿಯಲ್ಲಿ ಬಸ್ ನಿಲ್ದಾಣ, ಸ್ಟೇಷನ್ ರಸ್ತೆ, ಪೇಟೆಯ ಓಣಿಗಳಲ್ಲಿ ಬಸವೇಶ್ವರ, ಅನ್ನಪೂರ್ಣ ಮೊದಲಾದ ಹೆಸರು ಹೊತ್ತ ಖಾನಾವಳಿಗಳು ಹಲವು. ಒಂದೇ ಹೆಸರಿನವು ನಾಲ್ಕಾರು ಇರುವುದರಿಂದ ಹೆಸರು ಕೇಳಿಕೊಂಡು ಹೊರಟವರು ಬೇರೊಂದರ ಮುಂದೆ ನಿಲ್ಲುವುದು ಅಪರೂಪವಲ್ಲ. ಅದರಿಂದ ದೊಡ್ಡ ನಷ್ಟವೂ ಇಲ್ಲ.

ನಷ್ಟವಾಗುವುದು ಹೊತ್ತು ತಪ್ಪಿದಾಗ. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ. ಕುದಿಯುವ ಎಸರು ಹಾಕಿ ನಾದಿದರೆ ಮಾತ್ರ ಅದು ಒಂದಾಗಿ ನಿಲ್ಲುತ್ತದೆ, ಲಟ್ಟಣಿಗೆಗೆ ಸುಲಭವಾಗಿ ಒಗ್ಗದೆ ಅಂಗೈಯ ಬಡಿತಕ್ಕೆ ಬಗ್ಗುತ್ತದೆ. ಹಿಟ್ಟು ಬೀಸಿ ಬಹಳ ದಿನವಾಗಿದ್ದರೆ ಜಿಗಿ ಹೋಗಿ ಅಂಚು ಒಡೆಯುತ್ತದೆ. ಆದ್ದರಿಂದ ನಾಲ್ಕಾರು ದಿನಕ್ಕೊಮ್ಮೆ ಗಿರಣಿಗೆ ಹೋಗುವ ಖಾನಾವಳಿಗೂ ಚೀಲಗಟ್ಟಲೆ ಸಿದ್ಧ ಹಿಟ್ಟು ತರಿಸಿಡುವ ಹೋಟೆಲಿಗೂ ಇರುವ ಅಂತರ ಮೊದಲ ತುತ್ತಿಗೇ ತಿಳಿಯುತ್ತದೆ. ಹಂಚಿನಿಂದ ಇಳಿದ ಬಿಸಿರೊಟ್ಟಿ ಮೆತ್ತಗಿದ್ದು ಹತ್ತಿಪ್ಪತ್ತು ನಿಮಿಷಕ್ಕೆ ಬಿರುಸಾಗುತ್ತದೆ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರವರೆಗೆ ಗಿರಾಕಿ ಒಂದೇ ಸಮ ಇರುವಾಗ ಹಂಚೂ ಆರುವುದಿಲ್ಲ, ಬಡಿಯುವ ಕೈಯೂ ನಿಲ್ಲುವುದಿಲ್ಲ. ಮೂರರ ಮೇಲೆ ಹೋದವರಿಗೆ ಆ ಮೊದಲೇ ಬಡಿದಿಟ್ಟದ್ದು ಸಿಗುತ್ತದೆ. ಒಣಗಿಸಿದ ಖಡಕ್ ರೊಟ್ಟಿಯ ಮಾತು ಬೇರೆ; ಅದನ್ನು ತಿಂಗಳುಗಟ್ಟಲೆ ಇಡಲೆಂದೇ ಮಾಡುವುದು. ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳ ಮನೆಗಳು ಎರಡೂ ಊರುಗಳಲ್ಲಿವೆ, ಹಲವು ಹೋಟೆಲುಗಳ ರೊಟ್ಟಿ ಬರುವುದೂ ಅಲ್ಲಿಂದಲೇ. ಫಲಕದ ಮೇಲೆ ಗಂಡಸರ ಹೆಸರು, ಒಲೆಯ ಮುಂದೆ ಹೆಂಗಸರ ಕೈ: ಈ ಉದ್ದಿಮೆಯ ನಿಜವಾದ ಕಸುಬುದಾರರು ಯಾರೆಂಬುದನ್ನು ಯಾವ ಫಲಕವೂ ಹೇಳುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದೂ ಸ್ಥಳೀಯರಿಂದಲೇ. ಧಾರವಾಡದ ಊಟವೆಂದರೆ ಮನೆ ಊಟ, ಖಾನಾವಳಿಯದು ಅದರ ತೆಳು ನಕಲು, ಪರಿಚಯದವರ ಮನೆಯಿಲ್ಲದವರಿಗೆ ಈ ಊರಿನ ರುಚಿ ಸಿಗದು ಎಂಬುದು ಆ ವಾದ. ಅದರಲ್ಲಿ ಹುರುಳಿದೆ. ಪಂಚಮಿಯ ಉಂಡಿಗಳ ಬಗೆಗಳು, ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಳ್ಳಮಾಸೆಗೆ ಹೊಲಕ್ಕೆ ಕಟ್ಟಿಕೊಂಡು ಹೋಗುವ ಬುತ್ತಿ, ಮಾದಲಿ, ಹುರಕ್ಕಿ ಹೋಳಿಗೆ ಇವುಗಳ ನೆಲೆ ಮನೆಯೇ. ಜನವರಿಯ ಹೊತ್ತಿಗೆ ಜೋಳದ ಎಳೆ ತೆನೆ ಸುಟ್ಟು ಉಜ್ಜಿ ತಿನ್ನುವ ಸೀತನಿಯ ರುಚಿ ಸರಿಯಾಗಿ ತಿಳಿಯುವುದು ಹೊಲದಲ್ಲಿ. ಆದರೆ ನಿತ್ಯದ ಊಟದ ಮಟ್ಟಿಗೆ ಈ ವಾದ ನಿಲ್ಲದು. ಖಾನಾವಳಿಗೆ ಅಡುಗೆ ಬಂದದ್ದು ಮನೆಗಳಿಂದ, ಅಡುಗೆ ಮಾಡುವವರೂ ಮನೆಗಳಲ್ಲಿ ಕಲಿತವರು. ಮೇಲಾಗಿ ಮನೆಯಲ್ಲಿ ಒಂದು ಹೊತ್ತಿಗೆ ಒಂದು ಪಲ್ಯ, ಹೆಚ್ಚೆಂದರೆ ಎರಡು. ಕಾಳು, ಕಾಯಿ, ಸೊಪ್ಪು, ಮೂರ್ನಾಲ್ಕು ಚಟ್ನಿಪುಡಿ ಎಲ್ಲವೂ ಒಂದೇ ಗಂಗಾಳದಲ್ಲಿ ಕೂಡಿಬಂದದ್ದು ಖಾನಾವಳಿಯಲ್ಲಿ. ಇವತ್ತು ಉತ್ತರ ಕರ್ನಾಟಕದ ಊಟವೆಂದು ನಾಡಿಗೆಲ್ಲ ಗೊತ್ತಿರುವ ಆ ತುಂಬಿದ ಗಂಗಾಳ ಮನೆಯ ನಕಲಿಗಿಂತ ಹೆಚ್ಚಿನದು. ಹತ್ತೂರಿನ ಗಿರಾಕಿಗಳನ್ನು ಒಟ್ಟಿಗೆ ತಣಿಸಬೇಕಾದ ಅಡುಗೆಮನೆಯ ಸ್ವಂತ ನಿರ್ಮಾಣ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೀಕ್ಷ್ಣ. ಲಿಂಗಾಯತ ಖಾನಾವಳಿ, ಬ್ರಾಹ್ಮಣರ ಹೋಟೆಲು, ಮರಾಠಾ ಖಾನಾವಳಿ, ಸಾವಜಿ ಖಾನಾವಳಿ ಎಂದು ಜಾತಿಯ ಹೆಸರಿನಲ್ಲೇ ಗುರುತಿಸಿಕೊಂಡ ತಾಣಗಳನ್ನು ಊರಿನ ಪರಂಪರೆಯೆಂದು ಹೊಗಳುವುದು ಎಷ್ಟು ಸರಿ? ಜಾತಿಗೊಂದು ಖಾನಾವಳಿ ಹುಟ್ಟಿದ್ದು ಪರ ಊರಿನಲ್ಲೂ ತಮ್ಮವರ ಕೈಯ ಅಡುಗೆಯನ್ನೇ ಉಣ್ಣಬೇಕೆಂಬ ಕಟ್ಟಳೆಯಿಂದ. ಆ ಕಟ್ಟಳೆಯ ಇನ್ನೊಂದು ಮುಖ ಯಾವ ಖಾನಾವಳಿಯ ಬಾಗಿಲೂ ತೆರೆಯದ ದಲಿತರ ಅನುಭವ. ಸಂವಿಧಾನದ 15ನೆಯ ವಿಧಿ ಸಾರ್ವಜನಿಕ ಊಟದ ತಾಣಗಳ ಪ್ರವೇಶವನ್ನು ಹೆಸರಿಸಿಯೇ ಎಲ್ಲರಿಗೂ ತೆರೆಯಿತು, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ತಡೆಯುವವರಿಗೆ ಶಿಕ್ಷೆ ಗೊತ್ತುಮಾಡಿತು. ಇಷ್ಟು ವಿವರವಾಗಿ ಕಾನೂನು ಬರೆಯಬೇಕಾಯಿತೆಂಬುದೇ ಹಿಂದಿನ ಸ್ಥಿತಿಗೆ ಸಾಕ್ಷಿ. ಇವತ್ತು ಆ ಹೆಸರುಗಳು ಗಿರಾಕಿಗೆ ತಿಳಿಸುವುದು ಮುಖ್ಯವಾಗಿ ಅಡುಗೆಯ ಬಗೆಯನ್ನು: ಲಿಂಗಾಯತ ಎಂದರೆ ಮಾಂಸವಿಲ್ಲದ ರೊಟ್ಟಿ ಊಟ, ಸಾವಜಿ ಎಂದರೆ ಖಾರದ ಮಟನ್. ಒಳಗೆ ಕುಳಿತವರನ್ನು ಯಾರೂ ಜಾತಿ ಕೇಳುವುದಿಲ್ಲ. ಆದರೂ ಫಲಕದ ಇತಿಹಾಸ ಅಳಿದುಹೋಯಿತೆಂದು ಹೇಳುವುದು ಅವಸರದ ಮಾತಾದೀತು. ಯಾವ ಸಮುದಾಯದ ಅಡುಗೆ ಪೇಟೆಯಲ್ಲಿ ಹೆಸರು ಹಾಕಿಕೊಂಡು ನಿಂತಿದೆ, ಯಾವುದರದು ನಿಂತಿಲ್ಲ ಎಂದು ಎಣಿಸುತ್ತ ಹೋದರೆ ಆ ಇತಿಹಾಸ ಮತ್ತೆ ಕಾಣುತ್ತದೆ. ಅದನ್ನು ಬಚ್ಚಿಟ್ಟು ಬರೆದ ಊಟದ ವರ್ಣನೆ ಅಪೂರ್ಣ.

ಸಾವಜಿ ಖಾನಾವಳಿ ಹುಬ್ಬಳ್ಳಿಯ ವಿಶೇಷ. ಸಾವಜಿಗಳೆಂದು ಕರೆಯುವ, ನೇಕಾರಿಕೆಯ ಹಿನ್ನೆಲೆಯ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರು ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ ಹೆಚ್ಚಾಗಿ ನೆಲೆಸಿದ್ದಾರೆ. ಹುಬ್ಬಳ್ಳಿಯ ದಾಜಿಬಾನ ಪೇಟೆಯಲ್ಲಿ ಅವರ ತುಳಜಾಭವಾನಿ ಗುಡಿಯಿದೆ. ಮಗ್ಗಗಳಿಗೆ ಗಿರಣಿಬಟ್ಟೆಯ ಪೈಪೋಟಿ ಬಂದು ನೇಕಾರಿಕೆ ಕುಗ್ಗಿದ ಊರುಗಳಲ್ಲೆಲ್ಲ ನೇಕಾರ ಮನೆತನಗಳು ಬೇರೆ ಕಸುಬು ಹುಡುಕಿದವು. ಸಾವಜಿಗಳಿಗೆ ಆ ಕಸುಬುಗಳಲ್ಲಿ ಒಂದಾಗಿ ಒದಗಿದ್ದು ತಮ್ಮ ಮನೆಯ ಮಾಂಸದಡುಗೆ. ಮಟನ್ ರಸ, ಖೀಮಾ, ಬೋಟಿ, ಎಲ್ಲದರ ಮೇಲೆ ತೇಲುವ ಕೆಂಪೆಣ್ಣೆ, ಪಕ್ಕದಲ್ಲಿ ರೊಟ್ಟಿ ಇಲ್ಲವೆ ಚಪಾತಿ. ಆ ಕೆಂಪು ಬಣ್ಣಕ್ಕೆ ನೆರೆಯ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯ ಪಾಲು ದೊಡ್ಡದು. ಬಣ್ಣ ಗಾಢ, ಉರಿ ಕಡಿಮೆ ಎಂಬ ಗುಣಕ್ಕೆ ಹೆಸರಾದ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಬಣ್ಣ ನೋಡಿಯೇ ಹೆದರುವವರು ಇದನ್ನು ನೆನಪಿನಲ್ಲಿಟ್ಟರೆ ಒಳ್ಳೆಯದು, ಆದರೆ ಪೂರ್ತಿ ನಂಬಬಾರದು: ಅಡುಗೆಯವರು ಉರಿಗೆ ಬೇರೆ ಮೆಣಸಿನಕಾಯಿಯನ್ನೂ ಬೆರೆಸುತ್ತಾರೆ. ಸಾವಜಿ ಅಡುಗೆ ರಾತ್ರಿ ಊಟಕ್ಕೆ ಹೆಚ್ಚು ಒಗ್ಗುತ್ತದೆ. ಪೇಟೆ ಮುಚ್ಚಿ, ಪಾಳಿ ಮುಗಿಸಿ ಬಂದವರೇ ಅದರ ನೆಚ್ಚಿನ ಗಿರಾಕಿಗಳು.

ಮುಂಜಾನೆಯ ತಿಂಡಿ ಬೇರೆ ಕೈಗಳದ್ದು. ದೋಸೆ, ಇಡ್ಲಿ, ಪೂರಿ-ಭಾಜಿ, ಶಿರಾ ಕೊಡುವ ಹೋಟೆಲುಗಳನ್ನು ಬೆಳೆಸಿದವರಲ್ಲಿ ಘಟ್ಟದ ಕೆಳಗಿನಿಂದ ಬಂದವರು ಮುಖ್ಯರು. ಕಾಮತ್ ಮತ್ತು ಉಡುಪಿ ಎಂಬ ಹೆಸರುಗಳು ಎರಡೂ ಊರುಗಳ ಬಸ್ ನಿಲ್ದಾಣಗಳ ಸುತ್ತ ಇಂದಿಗೂ ಸಿಗುತ್ತವೆ. ಊರಿನ ಸ್ವಂತದ್ದೆನ್ನಬಹುದಾದ ಮುಂಜಾನೆಯ ತಿಂಡಿ ಚುರಮರಿ ಸುಸಲಾ, ಒಗ್ಗರಣೆ ಅವಲಕ್ಕಿ, ಉಪ್ಪಿಟ್ಟು. ಜೊತೆಗೆ ಮಿರ್ಚಿ, ಮೇಲೆ ಚಹಾ. ಕಾಫಿಗೆ ಹಟ ಹಿಡಿಯುವವರು ಉಡುಪಿ ಹೋಟೆಲನ್ನು ಹುಡುಕುವುದೇ ಲೇಸು.

ಸಂಜೆಯ ಹೊತ್ತಿಗೆ ಹುಬ್ಬಳ್ಳಿಯ ದುರ್ಗದ ಬೈಲ್ ತಿನಿಸಿನ ಬಯಲಾಗುತ್ತದೆ. ಸುತ್ತಲಿನ ಬಟ್ಟೆ, ಪಾತ್ರೆ, ಕಿರಾಣಿ ಪೇಟೆಗೆ ಬಂದ ಜನ ಇಲ್ಲಿ ನಿಂತು ತಿನ್ನುತ್ತಾರೆ. ಇಲ್ಲಿಯ ಮುಖ್ಯ ತಿನಿಸು ಗಿರಮಿಟ್ಟು. ಉಳ್ಳಾಗಡ್ಡಿ, ಟೊಮೆಟೊ, ಹುಣಸೆ, ಬೆಲ್ಲ, ಹಸಿಮೆಣಸು ಹಾಕಿ ಕುದಿಸಿದ ಗೊಜ್ಜಿಗೆ ಚುರಮರಿ ಸುರಿದು, ಪುಠಾಣಿ ಹಿಟ್ಟು ಉದುರಿಸಿ, ಮೇಲೆ ಶೇವು, ಕೊತ್ತಂಬರಿ, ಹಸಿ ಉಳ್ಳಾಗಡ್ಡಿ ಹಾಕಿ ಕೊಡುತ್ತಾರೆ. ಕಲಸಿದ ಕೂಡಲೇ ತಿನ್ನಬೇಕು. ಐದು ನಿಮಿಷ ಬಿಟ್ಟರೆ ಚುರಮರಿ ಮೆತ್ತಗಾಗಿ ಬೇರೆಯದೇ ಪದಾರ್ಥವಾಗುತ್ತದೆ. ಆದ್ದರಿಂದ ಗಿರಮಿಟ್ಟನ್ನು ಪೊಟ್ಟಣ ಕಟ್ಟಿಸಿಕೊಂಡು ವಸತಿಗೃಹಕ್ಕೆ ಒಯ್ಯುವುದು ವ್ಯರ್ಥ, ಮನೆಬಾಗಿಲಿಗೆ ತರಿಸಿಕೊಳ್ಳುವುದು ಇನ್ನೂ ವ್ಯರ್ಥ. ಕಡಲೆ ಹಿಟ್ಟಿನಲ್ಲಿ ಅದ್ದಿ ಕರಿದ ಉದ್ದನೆಯ ಮಿರ್ಚಿ ಇದರ ಜೋಡಿ. ಮುಂಬಯಿಯ ಭೇಲ್ ಮತ್ತು ಪಾವ್-ಭಾಜಿ, ಉತ್ತರದ ಪಾನಿಪೂರಿ, ಇತ್ತೀಚಿನ ಗೋಬಿ ಮಂಚೂರಿ ಎಲ್ಲವೂ ಅದೇ ಬಯಲಿನಲ್ಲಿ ಪಕ್ಕಪಕ್ಕದಲ್ಲಿವೆ. ಆರೋಗ್ಯದ ದೃಷ್ಟಿಯಿಂದ ಬೀದಿಯ ತಿನಿಸು ಅಪಾಯವೆಂಬ ಎಚ್ಚರಿಕೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಅಪಾಯ ಎಲ್ಲ ತಿನಿಸಿಗೂ ಒಂದೇ ಅಳತೆಯದಲ್ಲ. ಕಣ್ಣೆದುರು ಕಾದ ಎಣ್ಣೆಯಿಂದ ಎದ್ದ ಮಿರ್ಚಿಗಿಂತ ನೀರಿನಲ್ಲೇ ರುಚಿ ಅಡಗಿರುವ ಪಾನಿಪೂರಿಯ ಬಗ್ಗೆ, ಅದರಲ್ಲೂ ಮಳೆಗಾಲದಲ್ಲಿ, ಹೆಚ್ಚು ಎಚ್ಚರ ಬೇಕು.

ಸಿಹಿಯೆಂದರೆ ಪೇಢೆ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ 19ನೆಯ ಶತಮಾನದಲ್ಲಿ ಬಂದ ಠಾಕೂರ್ ಮನೆತನ ಧಾರವಾಡದಲ್ಲಿ ಪೇಢೆ ಮಾಡಲು ತೊಡಗಿತು. ಬಾಬುಸಿಂಗ್ ಠಾಕೂರರ ಹೆಸರಿನ ಲೈನ್ ಬಜಾರಿನ ಅಂಗಡಿ ಅದರ ಮೂಲ ನೆಲೆಯೆಂದು ಪ್ರಸಿದ್ಧ. 1933ರಲ್ಲಿ ಆರಂಭವಾದ ಮಿಶ್ರಾ ಮನೆತನದ ವ್ಯಾಪಾರ ಅದನ್ನು ಬಸ್ ನಿಲ್ದಾಣ, ಹೆದ್ದಾರಿ, ದೂರದ ನಗರಗಳಿಗೆ ಮುಟ್ಟಿಸಿತು. ಧಾರವಾಡ ಪೇಢೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಮಥುರೆಯ ಪೇಢೆಯ ಬಳಗದ್ದೇ ಇದು: ಖೋವಾವನ್ನು ಕಂದುಬಣ್ಣಕ್ಕೆ ತಿರುಗುವವರೆಗೆ ಹುರಿದು, ಉಂಡೆ ಕಟ್ಟಿ, ಸಕ್ಕರೆಪುಡಿಯಲ್ಲಿ ಹೊರಳಿಸುತ್ತಾರೆ. ಆ ಕಂದು ಬಣ್ಣದಲ್ಲೇ ರುಚಿಯಿದೆ. ಹಾಲು ಈ ಸೀಮೆಯ ಗೌಳಿಗರು ಸಾಕುವ ಎಮ್ಮೆಗಳದು. ಧಾರವಾಡಿ ಎಮ್ಮೆ ಪ್ರತ್ಯೇಕ ತಳಿಯೆಂದು 2021ರಲ್ಲಿ ರಾಷ್ಟ್ರಮಟ್ಟದಲ್ಲಿ ದಾಖಲಾಗಿದೆ. ಉತ್ತರದ ಕೈ, ಇಲ್ಲಿಯ ಹಾಲು ಕೂಡಿ ಆದ ತಿನಿಸಿದು. ಲೈನ್ ಬಜಾರಿನದೇ ನಿಜವಾದದ್ದು, ಉಳಿದದ್ದೆಲ್ಲ ವ್ಯಾಪಾರ ಎನ್ನುವ ಹಳಬರ ವಾದಕ್ಕೆ ಪೂರ್ತಿ ತಲೆದೂಗಬೇಕಿಲ್ಲ. ಕೈಗಾಡಿಯಿಂದ ಅಂಗಡಿಗೆ, ಅಂಗಡಿಯಿಂದ ಪೆಟ್ಟಿಗೆಗೆ ಹೋಗುವುದು ಸಿಹಿಯ ಸಹಜ ಗತಿ. ಆದರೆ ಪೆಟ್ಟಿಗೆಯ ಪೇಢೆಗೂ ಅದೇ ದಿನ ಕಟ್ಟಿದ ಪೇಢೆಗೂ ಮರಳುಮರಳಾದ ಹದದಲ್ಲಿ ವ್ಯತ್ಯಾಸವಿದೆ, ಅದು ತಿಂದವರಿಗೆ ಗೊತ್ತಾಗುತ್ತದೆ.

ಪೇಢೆ ಉನ್ನಾವಿನವರದು, ದೋಸೆ ಕರಾವಳಿಯವರದು, ಖಾನಾವಳಿ ಮುಂಬಯಿ ಸೀಮೆಯದು ಎಂದಾದರೆ ಈ ಊರಿನದೇ ಆದದ್ದು ಏನು ಉಳಿಯಿತು ಎಂದು ಕೇಳಬಹುದು. ಪ್ರಶ್ನೆಯನ್ನು ಇನ್ನೂ ಎಳೆದರೆ ಜುಣಕ, ಚಟ್ನಿಗಳ ಮೆಣಸಿನಕಾಯಿಯೂ ಶೇಂಗಾವೂ ಅಮೆರಿಕ ಖಂಡದಿಂದ ಹಡಗೇರಿ ಬಂದವು. ಮೆಣಸಿನಕಾಯಿ ಪೋರ್ಚುಗೀಸರ ಕಾಲಕ್ಕೆ ಪಶ್ಚಿಮ ಕರಾವಳಿಯ ಮೂಲಕ ಬಂತು. ಆಗ್ನೇಯ ಏಷ್ಯಾದ ಹಳೆಯ ಬಂದರುಗಳು ಈ ಪ್ರಶ್ನೆಗೆ ಬೆಳಕು ಕೊಡುತ್ತವೆ. ಮಲೇಷ್ಯಾದ ಮಲಕ್ಕಾ ಮತ್ತು ಪೆನಾಂಗಿನ ಜಾರ್ಜ್ ಟೌನ್ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿ ಹೆಸರಾದ ಬೀದಿ ಊಟ ಬಹುಮಟ್ಟಿಗೆ ಚೀನೀ ಕೂಲಿಗಳ, ತಮಿಳು ಮುಸ್ಲಿಮರ, ಮಲಯರ ಒಲೆಗಳಿಂದ ಬಂದದ್ದು. ಸಿಂಗಪುರದ ಬೀದಿ ಮಾರಾಟಗಾರರ ಅಡುಗೆ ಸಂಸ್ಕೃತಿಯನ್ನು 2020ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ದುಡಿಯಲು ಬಂದು ಮನೆಯಿಂದ ದೂರವಿದ್ದವರಿಗೆ ಅಗ್ಗದಲ್ಲಿ ಉಣಿಸಿದ ಅಡುಗೆಯೇ ಆ ಊರುಗಳ ಹೆಮ್ಮೆಯಾಯಿತು. ವ್ಯತ್ಯಾಸವೂ ಇದೆ: ಸಿಂಗಪುರದಲ್ಲಿ ಸರಕಾರ ಮಾರಾಟಗಾರರಿಗೆ ಸೂರು, ನೀರು, ಪರವಾನಗಿ ಕೊಟ್ಟು ಒಂದೆಡೆ ಕೂಡಿಸಿ ಬೇರೆಬೇರೆ ಜನಾಂಗದ ಊಟ ಒಂದೇ ಮೇಜಿಗೆ ಬರುವಂತೆ ಮಾಡಿತು. ಇಲ್ಲಿ ಆ ಕೆಲಸವನ್ನು ದುರ್ಗದ ಬೈಲಿನಂಥ ಒಂದು ಬಯಲು ಯಾರ ಯೋಜನೆಯೂ ಇಲ್ಲದೆ ಅಷ್ಟಿಷ್ಟು ಮಾಡಿದೆ. ಊರಿನ ಅಡುಗೆ ಎನ್ನುವುದಕ್ಕೆ ಮೂಲದ ಪರೀಕ್ಷೆಗಿಂತ ಬಳಕೆಯ ಪರೀಕ್ಷೆ ಸರಿಯಾದದ್ದು. ಆ ಪರೀಕ್ಷೆಯಲ್ಲಿ ಪೇಢೆಯೂ ಧಾರವಾಡದ್ದು, ಶೇಂಗಾ ಚಟ್ನಿಯೂ ಧಾರವಾಡದ್ದು.

ಹೊಸಬರ ಮಾತು ಬೇರೆ. ಮೊಬೈಲಿನಲ್ಲಿ ನಕ್ಷತ್ರಗಳ ಎಣಿಕೆ ಇರುವಾಗ ಇಷ್ಟೆಲ್ಲ ಇತಿಹಾಸ ಏಕೆ, ಹೆಚ್ಚು ಅಂಕ ಪಡೆದ ಹೋಟೆಲಿಗೆ ಹೋದರಾಯಿತು ಎಂಬುದು ಅವರ ಅಂಬೋಣ. ಹುಬ್ಬಳ್ಳಿಯ ವಿದ್ಯಾನಗರ, ಗೋಕುಲ ರಸ್ತೆ, ಹೆದ್ದಾರಿಯ ಬದಿಯ ಹವಾನಿಯಂತ್ರಿತ ಹೋಟೆಲುಗಳಲ್ಲಿ ಅಂಕಗಳು ಚೆನ್ನಾಗಿಯೇ ಇವೆ. ಮಕ್ಕಳು-ಮರಿ ಕಟ್ಟಿಕೊಂಡು ಬಂದ ಕುಟುಂಬಕ್ಕೆ, ಸ್ವಚ್ಛ ಶೌಚಾಲಯ ಬೇಕಾದವರಿಗೆ ಅವೇ ಅನುಕೂಲ. ಆದರೆ ಅಂಕ ಕೊಡುವವನು ಒಮ್ಮೆ ಉಂಡವನು. ತಿಂಗಳಿನ ಗಿರಾಕಿ ಅಂಕ ಬರೆಯುವುದಿಲ್ಲ. ರುಚಿಸದಿದ್ದರೆ ಮುಂದಿನ ತಿಂಗಳ ದುಡ್ಡು ಕಟ್ಟುವುದಿಲ್ಲ. ಇವೆರಡರಲ್ಲಿ ಅಡುಗೆಯವನನ್ನು ಹೆಚ್ಚು ಬಿಗಿಯಾಗಿ ಹಿಡಿಯುವುದು ಎರಡನೆಯದು. ಪರ ಊರಿನವರಿಗೆ ಇದರಿಂದ ಸಿಗುವ ಸೂತ್ರ ಸರಳ: ದಿನಾಲು ಉಣ್ಣುವವರು ಎಲ್ಲಿ ಉಣ್ಣುತ್ತಾರೋ ಅಲ್ಲಿ ಉಣ್ಣುವುದು. ಹೈಕೋರ್ಟ್ ಪೀಠ 2008ರಲ್ಲಿ ಬಂದ ಮೇಲೆ ಧಾರವಾಡದಲ್ಲಿ ಕಕ್ಷಿದಾರರ ಓಡಾಟ ಹೆಚ್ಚಿತು. ಕೋರ್ಟಿನ ದಿನ ಮಧ್ಯಾಹ್ನ ವಕೀಲರ ಗುಮಾಸ್ತರು ಎಲ್ಲಿ ಕುಳಿತಿದ್ದಾರೆಂದು ನೋಡಬೇಕು. ಹುಬ್ಬಳ್ಳಿಯಲ್ಲಿ ಅಮರಗೋಳದ ಎಪಿಎಂಸಿ ಪ್ರಾಂಗಣದ ಸುತ್ತ ಹಮಾಲರು, ದಲಾಲರು, ರೈತರು ಉಣ್ಣುವಲ್ಲಿ ರೊಟ್ಟಿ ದಪ್ಪ, ಪಲ್ಯ ಖಾರ, ದರ ಕಡಿಮೆ. ಎರಡು ಊರುಗಳ ನಡುವೆ ಚಿಗರಿ ಎಂಬ ತ್ವರಿತ ಬಸ್ಸು ಓಡುವುದರಿಂದ ಮಧ್ಯಾಹ್ನದ ಊಟ ಒಂದು ಊರಿನಲ್ಲಿ, ಸಂಜೆಯ ಗಿರಮಿಟ್ಟು ಇನ್ನೊಂದರಲ್ಲಿ ಎಂದು ಹೊಂದಿಸಿಕೊಳ್ಳುವುದು ಕಷ್ಟವಲ್ಲ.

ತಿಂಗಳಿನ ಗಿರಾಕಿಯನ್ನು ನಂಬಿದ ಊಟದ ತಾಣ ಹಳೆಯ ಕಾಲದ ಪಳೆಯುಳಿಕೆಯಾಗಿ ಉಳಿದಿಲ್ಲ, ಹೊಸದಾಗಿ ಹುಟ್ಟುತ್ತಲೂ ಇದೆ. ಧಾರವಾಡದ ಸಪ್ತಾಪುರ ಇಂದು ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿಯ ಕೇರಿ. ರಾಯಚೂರು, ಕಲಬುರಗಿ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಿಂದ ಬಂದ ಹುಡುಗ-ಹುಡುಗಿಯರು ಕೋಣೆ ಹಿಡಿದು, ಗ್ರಂಥಾಲಯದ ಕುರ್ಚಿ ಬಾಡಿಗೆಗೆ ಪಡೆದು ವರ್ಷಗಟ್ಟಲೆ ಓದುತ್ತಾರೆ. ಅವರಿಗಾಗಿ ಹುಟ್ಟಿಕೊಂಡ ಮೆಸ್ಸುಗಳು ಫಲಕದಲ್ಲಿ ಜಾತಿಯ ಹೆಸರು ಬರೆಸುವುದು ಕಡಿಮೆ. ಜಿಲ್ಲೆಯ ಹೆಸರೋ ಅವ್ವ-ಅಕ್ಕನ ಹೆಸರೋ ಸಾಕಾಗುತ್ತದೆ. ಹೆಣ್ಣುಮಕ್ಕಳು ತಾವಾಗಿ ಬಂದು ಕುಳಿತು ಉಣ್ಣುವುದು ಹಳೆಯ ಖಾನಾವಳಿಯಲ್ಲಿ ಅಪರೂಪವಾಗಿತ್ತು, ಇಲ್ಲಿ ಅದು ನಿತ್ಯದ ನೋಟ. ಗಂಗಾಳದಲ್ಲಿ ಚಟ್ನಿಪುಡಿಗಳ ಸಂಖ್ಯೆ ಇಳಿದಿದೆ, ರೊಟ್ಟಿಯ ಪಕ್ಕದಲ್ಲಿ ಚಪಾತಿ ನೆಲೆಯೂರಿದೆ, ಕಾಳಿನ ಪಲ್ಯ ಮಾತ್ರ ಜಗ್ಗಿಲ್ಲ. ಬಿಡಿ ಊಟ ಕೇಳಿಕೊಂಡು ಬಂದವರಿಗೂ ಇಲ್ಲಿ ಸಾಮಾನ್ಯವಾಗಿ ಜಾಗ ಸಿಗುತ್ತದೆ. ಹಲವು ಮೆಸ್ಸುಗಳಲ್ಲಿ ಭಾನುವಾರ ರಾತ್ರಿ ಒಲೆ ಹೊತ್ತಿಸುವುದಿಲ್ಲವಾದ್ದರಿಂದ ಆ ಸಂಜೆ ಸಪ್ತಾಪುರದ ಮಿರ್ಚಿ, ಎಗ್‌ರೈಸ್ ಗಾಡಿಗಳ ಮುಂದೆ ಗದ್ದಲ ಹೆಚ್ಚು. ನೇಮಕಾತಿಯ ಅಧಿಸೂಚನೆ ಹೊರಬಿದ್ದರೆ ಕೋಣೆಗಳೂ ಮೆಸ್ಸುಗಳೂ ತುಂಬುತ್ತವೆ, ಪರೀಕ್ಷೆ ಮುಂದೆ ಹೋದರೆ ಮೆಸ್ಸಿನವರು ರೊಟ್ಟಿಯ ಹಿಟ್ಟನ್ನು ಕಡಿಮೆ ಬೀಸಿಸುತ್ತಾರೆ.